ಹನ್ನೆರಡನೆಯ ಹೆಡ್‌ಫೋನ್

“ಮೇಡಂ, ನೀವು ಆ ಗೋಡೆ ಹತ್ರ ನಿಂತ್ಕೊಳ್ಳಿ. ಇನ್ನೊಂದು ಹೆಜ್ಜೆ ಎಡಕ್ಕೆ. ರೆಕಾರ್ಡಿಂಗ್‌ನಲ್ಲಿ ನೀವು ಸ್ವಲ್ಪ ಎಡಗಡೆಗೇ ಇರೋದು,” ಎಂದ ಕಿವಿ ಸಾಹೇಬ.

ಟಪಾಲು ಮೇಡಂ ಒಂದು ಹೆಜ್ಜೆ ಎಡಕ್ಕೆ ಸರಿದರು. ಹೆಡ್‌ಫೋನ್ ಅಂಗಡಿಯ ಹಿಂಭಾಗದ ಪುಟ್ಟ ಕೋಣೆ ಅದು. ಗೋಡೆಗೆಲ್ಲ ಸ್ಪಂಜು ಬಡಿದಿದ್ದರಿಂದ ಆಡಿದ ಮಾತು ತುಟಿ ದಾಟಿದ ಕೂಡಲೇ ಸತ್ತುಹೋಗುತ್ತಿತ್ತು. ಮೇಜಿನ ಮೇಲೆ ಎರಡು ಹೆಡ್‌ಫೋನ್. ಒಂದರ ಬೆನ್ನಿಗೆ ಜಾಲರಿ, ಇನ್ನೊಂದು ಪೂರ್ತಿ ಮುಚ್ಚಿದ್ದು. ಎರಡರಲ್ಲಿ ಯಾವುದು ಎಂದು ಕಿವಿ ಸಾಹೇಬ ಐದು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದ. ಮನೆಯಲ್ಲಿ ಆಗಲೇ ಹನ್ನೊಂದಿದ್ದವು. ಒಂದೊಂದಕ್ಕೂ ಮರದ ಸ್ಟ್ಯಾಂಡು, ಧೂಳು ಕೂರದಂತೆ ಮೆತ್ತನೆಯ ಬಟ್ಟೆಯ ಮುಸುಕು. “ನನಗೂ ಒಂದು ಸ್ಟ್ಯಾಂಡ್ ಮಾಡಿಸಿ, ಆಗ್ಲಾದ್ರೂ ದಿನಕ್ಕೊಂದ್ಸಲ ನನ್ನ ಕಡೆ ನೋಡ್ತೀರೇನೋ,” ಎಂದು ಹೆಂಡತಿ ಅಂದಿದ್ದಳು. ಯಾವ ಮರದ್ದು ಬೇಕು ಎಂದು ಅವನು ಕೇಳಿದ್ದ.

ಯಾವ ಹೆಡ್‌ಫೋನ್ ಸಿಕ್ಕರೂ ಅವನು ಪರೀಕ್ಷಿಸುತ್ತಿದ್ದುದು ಒಂದೇ ಹಾಡಿನಿಂದ. ಅದನ್ನು ಹಾಡಿದವರ ಹೆಸರು ಅವನು ನೋಡಿರಲಿಲ್ಲ, ಯಾವ ಮೈಕಿನಲ್ಲಿ ರೆಕಾರ್ಡ್ ಮಾಡಿದ್ದು ಎಂಬುದು ಮಾತ್ರ ಬಾಯಿಪಾಠವಾಗಿತ್ತು. ಹೋದ ವಾರ ನೀರು ಸರಬರಾಜು ಕಚೇರಿಯಲ್ಲಿ ಪೈಪುಗಳ ನಕ್ಷೆ ಬರೆಯುತ್ತಾ ಅದನ್ನೇ ಕೇಳುತ್ತಿದ್ದಾಗ ವೈರು ಕಳಚಿಕೊಂಡು ಹಾಡು ಫೋನಿನಿಂದ ಹೊರಗೆ ಬಂತು. ಆರು ವರ್ಷಗಳಿಂದ ಪಕ್ಕದ ಮೇಜಿನಲ್ಲೇ ಕೂತು ಲಕೋಟೆಗಳಿಗೆ ಅಂಟು ಹಚ್ಚುತ್ತಿದ್ದ ಟಪಾಲು ಮೇಡಂ ತಲೆಯೆತ್ತಿ, “ಇದು ನಾನು ಹಾಡಿದ್ದು,” ಎಂದರು.

ಅವನು ಮೊದಲು ಕೇಳಿದ್ದು ಇಷ್ಟು: “ಪಲ್ಲವಿ ಮುಗಿದ ಮೇಲೆ ಒಂದು ಉಸಿರು ಕೇಳ್ಸುತ್ತಲ್ಲ, ಅದೂ ನಿಮ್ದೇನಾ?”

“ನಂದೇ ಇರ್ಬೇಕು ಸರ್. ನಾನು ಹಾಡ್ವಾಗ ಬೇರೆ ಯಾರು ಉಸಿರಾಡ್ತಾರೆ?”

ಮದುವೆಗೆ ಮುಂಚೆ ಅವರು ಹಾಡಿದ್ದು ಅದೊಂದೇ. ಆಮೇಲೆ ಮಕ್ಕಳು, ನೌಕರಿ, ಅತ್ತೆಯ ಕಾಯಿಲೆ. ಹಾಡಿ ಎಂದು ಯಾರೂ ಕೇಳಲಿಲ್ಲ, ಕೇಳಲಿಲ್ಲವೆಂದು ಇವರೂ ಹಾಡಲಿಲ್ಲ. ಇಪ್ಪತ್ತೆರಡು ವರ್ಷಗಳ ಮೇಲೆ ಬಾಯಿಬಿಟ್ಟು ಕೇಳಿದವನೆಂದರೆ ಕಿವಿ ಸಾಹೇಬನೇ. ಅಂಗಡಿಗೆ ಬಂದು ಎದುರಿಗೇ ಹಾಡಿದರೆ ಯಾವ ಹೆಡ್‌ಫೋನ್ ನಿಜ ಹೇಳುತ್ತದೆಂದು ಗೊತ್ತಾಗುತ್ತದೆ ಎಂದಿದ್ದ. ಮೇಡಂ ಕಿವಿಗೆ ಬಿದ್ದದ್ದು ‘ಎದುರಿಗೇ ಹಾಡಿದರೆ’ ಎಂಬುದು ಮಾತ್ರ. ಮೂರು ದಿನ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದರು. “ಅಮ್ಮಾ, ಗಂಟಲು ಕೆಟ್ಟಿದ್ಯಾ?” ಎಂದು ಮಗಳು ಕೇಳಿದ್ದಕ್ಕೆ, “ಹೂಂ, ಆಫೀಸಿನ ಧೂಳು,” ಎಂದಿದ್ದರು.

“ಶುರು ಮಾಡಿ ಮೇಡಂ. ಮೊದಲ ನಲವತ್ತು ಸೆಕೆಂಡ್ ಸಾಕು.”

“ಹಾಡಿನ ಜೀವ ಇರೋದು ಕೊನೇ ಚರಣದಲ್ಲಿ ಅಲ್ವಾ ಸರ್? ಅವಳು ಮಗೂನ ಎಬ್ಬಿಸ್ದೆ ಹೊರಟು ಹೋಗ್ತಾಳಲ್ಲ, ಅಲ್ಲಿ.”

“ಯಾರು?”

“ಹಾಡಿನಲ್ಲಿರೋ ತಾಯಿ.”

“ಅಲ್ಲೀವರೆಗೆ ನಾನು ಹೋಗಿಲ್ಲ. ನಲವತ್ತು ಸೆಕೆಂಡ್ ಆದ್ಮೇಲೆ ಪರೀಕ್ಷೆಗೆ ಏನೂ ಸಿಗಲ್ಲ ಅದರಲ್ಲಿ.”

ಮೇಡಂ ಹಾಡಿದರು. ಮೊದಲ ಸಾಲಿನಲ್ಲೇ ದನಿ ಸಣ್ಣಗೆ ಒಡೆಯಿತು, ಎರಡನೆಯದರಲ್ಲಿ ಸರಿಹೋಯಿತು. ಕಿವಿ ಸಾಹೇಬ ಹೆಡ್‌ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ ಕಿವಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ. ಪುಸ್ತಕದಲ್ಲಿ ಏನೋ ಗೀಚಿಕೊಂಡ.

“ಬೇಜಾರು ಮಾಡ್ಕೋಬೇಡಿ ಮೇಡಂ. ಮೇಲಿನ ಸ್ವರ ಸ್ವಲ್ಪ ಒಣಗಿದೆ, ಕೆಳಗೆ ತೂಕ ಸಾಲ್ದು. ರೆಕಾರ್ಡಿಂಗ್‌ಗೆ ಹೋಲಿಸಿದ್ರೆ ನೀವು ಅಷ್ಟು ಸಹಜವಾಗಿಲ್ಲ.”

“ನಾನಾ?”

“ಹೂಂ. ಆ ಉಸಿರಂತೂ ಬರ್ಲೇ ಇಲ್ಲ.”

ಬಾಗಿಲ ಬಳಿ ಕಪಾಟಿನ ಗಾಜು ಒರೆಸುತ್ತಿದ್ದ ಅಂಗಡಿಯವನಿಗೆ ತಡೆಯಲಾಗಲಿಲ್ಲ. “ಸರ್, ಅದನ್ನ ಹಾಡಿದ್ದೂ ಇವರೇ ಅಲ್ವಾ?”

“ಅದಕ್ಕೇ ಹೇಳ್ತಿರೋದು. ಗೊತ್ತಿರೋ ಹಾಡನ್ನೇ ಹೀಗೆ ಹಾಡಿದ್ರೆ ನಾನು ಯಾವುದನ್ನ ನಂಬ್ಲಿ?”

ಮೇಡಂ ಕುರ್ಚಿಯ ಮೇಲಿಟ್ಟಿದ್ದ ಬ್ಯಾಗನ್ನು ಹೆಗಲಿಗೇರಿಸಿದರು. ಬಾಗಿಲ ತನಕ ಹೋದರು. ಅಲ್ಲಿ ಒಂದು ಗಳಿಗೆ ನಿಂತು, ಬ್ಯಾಗನ್ನು ನೆಲದ ಮೇಲಿಟ್ಟು, “ಅಕ್ಕಾ, ನೀರು ಕೊಡ್ಲಾ?” ಎಂದ ಅಂಗಡಿಯವನಿಗೆ ಬೇಡವೆಂದು ಕೈಯಾಡಿಸಿದರು. ಕಿವಿ ಸಾಹೇಬನ ಕಡೆ ನೋಡದೆ ಕಣ್ಣು ಮುಚ್ಚಿ ಮತ್ತೆ ಮೊದಲಿನಿಂದ ಹಾಡತೊಡಗಿದರು. ಈ ಸಲ ಎಡಗಡೆ ನಿಂತಿರಲಿಲ್ಲ, ಸೆಕೆಂಡು ಎಣಿಸುತ್ತಲೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಹಾಡದೆ ಉಳಿದಿದ್ದ ದನಿ ಒರಟಾಗಿಯೇ ಎದ್ದು ಬಂತು. ಎರಡನೆಯ ಚರಣಕ್ಕೆ ಅದು ಸ್ಪಂಜಿನ ಗೋಡೆಗಳನ್ನೂ ಲೆಕ್ಕಿಸಲಿಲ್ಲ. ಅಂಗಡಿಯವನ ಬಟ್ಟೆ ಗಾಜಿನ ಮೇಲೇ ನಿಂತಿತು. ಚಾರ್ಜರ್ ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಕೇಳಬೇಕಾದ್ದನ್ನು ಮರೆತು ಬಾಗಿಲಿಗೆ ಒರಗಿದಳು.

ಕಿವಿ ಸಾಹೇಬ ಜಾಲರಿಯದನ್ನು ಹಾಕಿ ಮುಖ ಕಿವುಚಿದ. “ಹೊರಗಿನ ಗಲಾಟೆ ಎಲ್ಲಾ ಒಳಗೆ ಬರ್ತಿದೆ,” ಎಂದು ಅದನ್ನು ಪಕ್ಕಕ್ಕಿಟ್ಟ. ಮುಚ್ಚಿದ್ದನ್ನು ತಲೆಗೇರಿಸಿ, ಕಿವಿಯ ಮೇಲೆ ಸರಿಯಾಗಿ ಕೂರಿಸಿ, ಹೊರಗಿನ ಸದ್ದು ಅಡಗಿಸಲು ಬದಿಯಲ್ಲಿದ್ದ ಗುಂಡಿ ಒತ್ತಿದ. ಎದುರಿಗೆ ಮೇಡಂ ಕೊನೆಯ ಚರಣಕ್ಕೆ ಬಂದಿದ್ದರು. ಆಡುತ್ತಿದ್ದ ಆ ತುಟಿಗಳನ್ನು ಅವನು ಎವೆಯಿಕ್ಕದೆ ನೋಡಿದ. ಐದು ತಿಂಗಳ ಚಿಂತೆ ಹಣೆಯಿಂದ ಒಂದೊಂದೇ ಗೆರೆಯಾಗಿ ಇಳಿದುಹೋಯಿತು.

“ಒಂದು ಚೂರೂ ಕೇಳಿಸ್ತಿಲ್ಲ,” ಎಂದು ಕಿವಿ ಮುಚ್ಚಿಕೊಂಡವರ ದೊಡ್ಡ ಗಂಟಲಿನಲ್ಲಿ ಹೇಳಿದ. “ಇದನ್ನೇ ಪ್ಯಾಕ್ ಮಾಡಿ.”

ಅಂಗಡಿಯವ ಕದಲಲಿಲ್ಲ. ಹಾಡು ಇನ್ನೂ ಮುಗಿದಿರಲಿಲ್ಲ.