ಮುಳ್ಳಿಲ್ಲದ ಬದನೆ

ಆ ಸೀಮೆಯ ಬದನೆಕಾಯಿಯ ತೊಟ್ಟಿನ ತುಂಬ ಮುಳ್ಳು. ಒಂದು ಮನೆಯ ಹಿತ್ತಲಿನ ಗಿಡಗಳಿಗೆ ಮಾತ್ರ ಒಂದೂ ಇಲ್ಲ. ಈ ಗುಣ ಹೇಗೆ ಬದಲಾಯಿತೆಂದು ತಿಳಿಯದೆ ಒಬ್ಬ ಸಂಶೋಧಕಿಯ ಪ್ರಬಂಧ ಎರಡು ವರ್ಷದಿಂದ ನಿಂತಿತ್ತು. ಮಣ್ಣು, ನೀರು ಪರೀಕ್ಷಿಸಿ ಸೋತು, ಕೊನೆಗೆ ಮನೆಯವರನ್ನೇ ಕೇಳಲು ಬಂದಳು.

ಕಣ್ಣು ಕಾಣದ ಅಜ್ಜಿ ಜಗಲಿಯಲ್ಲಿ ಈಳಿಗೆಮಣೆಯ ಮುಂದೆ ಕುಳಿತು ಬದನೆ ಹೆಚ್ಚುತ್ತಿದ್ದರು.

“ಮುಳ್ಳು ಚುಚ್ಚಲ್ವಾ ಅಜ್ಜಿ?” ಮುಳ್ಳಿಲ್ಲವೆಂದು ಗೊತ್ತಿದ್ದೂ ಸಂಶೋಧಕಿ ಮಾತಿಗೆಳೆದಳು.

“ನನ್ನ ಕೈ ಪಳಗಿದೆ ಕಣಮ್ಮ. ನನ್ನ ಸೊಸೆ ಹೆಚ್ಚಲಿ ನೋಡು, ಊರಿಗೆಲ್ಲ ಕೇಳೋ ಹಾಗೆ ಅಯ್ಯೋ ಅಂತಾಳೆ!”

“ಹೌದತ್ತೆ, ನನ್ನ ಕೈಲಾಗಲ್ಲ,” ಎಂದು ನಕ್ಕ ಸೊಸೆ, ಸಂಶೋಧಕಿಯನ್ನು ಹಿತ್ತಲಿಗೆ ಕರೆದೊಯ್ದು ಪಿಸುಗುಟ್ಟಿದಳು.

“ಕಣ್ಣು ಹೋದ ಮೇಲೂ ಅತ್ತೆ ಹೆಚ್ಚೋದು ಬಿಡಲಿಲ್ಲ. ಬೆರಳೆಲ್ಲ ರಕ್ತ. ಬೇಡ ಅಂದ್ರೆ, ಕೆಲಸಕ್ಕೆ ಬಾರದವಳಾದ್ನಾ ಅಂತ ಅಳೋರು. ಅವತ್ತಿಂದ ಮೂವತ್ತು ವರ್ಷ, ಮುಳ್ಳು ಕಮ್ಮಿ ಇರೋ ಗಿಡದ ಬೀಜ ಮಾತ್ರ ಎತ್ತಿಡ್ತಾ ಬಂದೆ. ಅವರ ಮುಂದೆ ಬಾಯಿ ಬಿಡಬೇಡಮ್ಮ.”

ಉತ್ತರ ಸಿಕ್ಕಿದ ಖುಷಿಯಲ್ಲಿ ಸಂಶೋಧಕಿ ಜಗಲಿಗೆ ಬಂದಳು. ಸೊಸೆ ಕಾಫಿ ತರಲು ಒಳಗೆ ಹೋದಳು. ಅಜ್ಜಿ ಸಂಶೋಧಕಿಯ ಕೈ ಹಿಡಿದು ಹತ್ತಿರ ಎಳೆದುಕೊಂಡರು.

“ಬೀಜದ ವಿಷಯ ಹೇಳಿದ್ಲಾ? ನಂಗೆ ಗೊತ್ತು ಅಂತ ಮಾತ್ರ ಅವಳಿಗೆ ಹೇಳಬೇಡ.”