ಅರ್ಧ ಸ್ವರ ಮೇಲೆ

ಮೂವರೂ ಒಟ್ಟಿಗೇ ತಂತಿ ಮೀಟಿ, ಒಟ್ಟಿಗೇ ನಿಲ್ಲಿಸಿದರು. ಎರಡು ಗಿಟಾರುಗಳ ಶ್ರುತಿ ಒಂದಾಗಿತ್ತು, ಮೂರನೆಯದು ಅರ್ಧ ಸ್ವರ ಕೆಳಗಿತ್ತು. ತಮಾಷೆಯೆಂದರೆ ಕೆಳಗಿದ್ದದ್ದು ಅವರು ನುಡಿಸಹೊರಟ ಹಾಡು ಕಟ್ಟಿದ ಮುಜಫ್ಫರ್ ಅವರದ್ದೇ.

ಗಂಗಾನಗರದ ಅವರ ಮನೆಯ ಹಾಲಿನಲ್ಲಿ ಧನುಶ್ರೀಯ ಕ್ಯಾಮೆರಾ ಓಡುತ್ತಿತ್ತು. ಮೂರು ತಲೆಮಾರಿನ ರಾಕ್ ಗಿಟಾರ್ ವಾದಕರ ಬಗ್ಗೆ ಅವಳು ಸಾಕ್ಷ್ಯಚಿತ್ರ ಮಾಡುತ್ತಿದ್ದಳು. ಎಪ್ಪತ್ತಮೂರರ ಮುಜಫ್ಫರ್, ಅವರನ್ನು ಕಣ್ಣಾರೆ ಕಾಣದೆ ಬರೀ ಕ್ಯಾಸೆಟ್ ಕೇಳಿ ಕಲಿತ ಐವತ್ತನಾಲ್ಕರ ಅಶ್ವತ್ಥ್, ಅಶ್ವತ್ಥರ ಶಿಷ್ಯೆಯಾದ ತಾನು. ಚಿತ್ರಕ್ಕೆ 'ಅರ್ಧ ಸ್ವರ ಮೇಲೆ' ಎಂದು ಹೆಸರೂ ಇಟ್ಟಾಗಿತ್ತು. ಮುಜಫ್ಫರ್ ಅವರ 'ಕೊಡಿಗೇಹಳ್ಳಿ ಗೇಟ್' ಹಾಡು ನುಡಿಸಲು ಆರೂ ತಂತಿಗಳನ್ನು ಮಾಮೂಲಿಗಿಂತ ಅರ್ಧ ಸ್ವರ ಏರಿಸಬೇಕು, ಗುಟ್ಟೆಲ್ಲ ಅಲ್ಲೇ ಇದೆ ಎಂದು ಅಶ್ವತ್ಥ್ ಇಪ್ಪತ್ತೆರಡು ವರ್ಷದಿಂದ ತಮ್ಮ ಕ್ಲಾಸಿನಲ್ಲಿ ಕಲಿಸಿಕೊಂಡು ಬಂದಿದ್ದರು. ಹಾಗೆ ಬಿಗಿದಾಗ ಮಕ್ಕಳ ಒಂದನೇ ತಂತಿ ಪಟ್ಟನೆ ಹರಿಯುತ್ತಿತ್ತು. "ತಂತಿ ಹೋದ್ರೆ ಹೋಗ್ಲಿ ಬಿಡ್ರೋ, ಮುಜಫ್ಫರ್ ಸಾರ್ ಸುಮ್ನೆ ಸಿಗ್ತಾರಾ?" ಎಂದು ಸಮಾಧಾನ ಹೇಳುತ್ತಿದ್ದರು. ಇವತ್ತು ಸಾಕ್ಷಾತ್ ಅವರೆದುರೇ ಕೂತು ನುಡಿಸುವ ದಿನ ಬಂದಿತ್ತು. ಇಸ್ತ್ರಿ ಮಾಡಿದ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು.

"ಸಾರ್, ನಿಮ್ದು ಒಂಚೂರು ಇಳಿದಿದೆ ಅನ್ಸುತ್ತೆ," ಎಂದರು ಅಶ್ವತ್ಥ್, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

"ಇಲ್ವಲ್ಲಪ್ಪಾ. ನಂದು ಸರಿಯಾಗೇ ಇದೆ. ನಿಮ್ಮಿಬ್ರದ್ದೇ ಏರಿರೋದು."

"ಇದು ನಿಮ್ ಶ್ರುತೀನೇ ಸಾರ್! ಎಂಬತ್ನಾಲ್ಕನೇ ಇಸವಿ ಶೋದು ಕ್ಯಾಸೆಟ್ ಇದೆ ನನ್ ಹತ್ರ. ಎಷ್ಟ್ ಸಾವಿರ ಸಲ ಕೇಳಿದೀನೋ."

"ಆ ಕ್ಯಾಸೆಟ್ಟಾ?" ಮುಜಫ್ಫರ್ ತೊಡೆ ತಟ್ಟಿಕೊಂಡು ನಕ್ಕರು. "ಅದು ನನ್ ತಮ್ಮ ಅಜ್ಜು ರೆಕಾರ್ಡ್ ಮಾಡಿದ್ದು. ಟೇಪ್ ರೆಕಾರ್ಡರಿನ ಸೆಲ್ ವೀಕ್ ಆಗಿತ್ತು ಕಣಪ್ಪಾ. ಹೊಸದು ತಗೋ ಅಂದ್ರೆ, ಹಳೇವನ್ನೇ ಬಿಸ್ಲಲ್ಲಿ ಕಾಯ್ಸಿ ಹಾಕಿದ್ದ. ಟೇಪು ತೂಕಡಿಸ್ಕೊಂಡು ತಿರುಗ್ತಿತ್ತು. ಮೆತ್ತಗೆ ತಿರುಗ್ವಾಗ ರೆಕಾರ್ಡ್ ಆಗಿದ್ದನ್ನ ನೀನು ಒಳ್ಳೆ ಸೆಲ್ ಹಾಕಿ ಕೇಳಿದ್ರೆ ಓಡುತ್ತೆ. ಓಡಿದ್ರೆ ಶ್ರುತಿ ಏರುತ್ತೆ. ಅಷ್ಟೇ!"

ಅಶ್ವತ್ಥರ ಮುಖ ನೋಡಿ ಮುಜಫ್ಫರ್ ಅವರ ನಗು ಅರ್ಧಕ್ಕೇ ನಿಂತಿತು. ಇಪ್ಪತ್ತೆರಡು ವರ್ಷ ಗುಟ್ಟು ಗುಟ್ಟು ಎಂದು ಕಲಿಸಿದ್ದು ಅಜ್ಜುವಿನ ಜಿಪುಣತನವನ್ನು! ಅದು ಬಯಲಾದದ್ದೂ ಶಿಷ್ಯೆಯ ಮುಂದೆ, ಕ್ಯಾಮೆರಾದ ಮುಂದೆ. ಮನುಷ್ಯನಿಗೆ ಎಷ್ಟು ನಾಚಿಕೆಯಾಯಿತೆಂದರೆ, ಈಗಲೇ ಕೊಡಿಗೇಹಳ್ಳಿಯ ತಮ್ಮ ಕ್ಲಾಸಿಗೆ ಹೋಗಿ ಬೋರ್ಡು ಇಳಿಸಿಬಿಡೋಣ ಅನ್ನಿಸಿತು.

"ಈ ಭಾಗ ತೆಗೆದ್ಬಿಡ್ತೀನಿ ಸಾರ್," ಎಂದಳು ಧನುಶ್ರೀ. "ಯಾರಿಗೂ ಗೊತ್ತಾಗಲ್ಲ."

"ನಂಗ್ ಗೊತ್ತಾಯ್ತಲ್ಲಮ್ಮ."

ಮುಜಫ್ಫರ್ ಕೇಳಿದರು. "ಎಷ್ಟ್ ಜನಕ್ಕೆ ಕಲ್ಸಿದೀಯಪ್ಪಾ ಇದನ್ನ?"

"ಮುನ್ನೂರ್ ಜನಕ್ಕಾದ್ರೂ ಕಲ್ಸಿದೀನಿ ಸಾರ್. ಅಷ್ಟೂ ಜನಕ್ಕೆ ತಪ್ಪೇ ಕಲ್ಸಿದೀನಿ."

"ಅವತ್ತು ಶೋಗೆ ಬಂದಿದ್ದೋರು ನಲವತ್ತು ಜನ. ಅದ್ರಲ್ಲೂ ಅರ್ಧ ನಮ್ ನೆಂಟ್ರು," ಎಂದರು ಮುಜಫ್ಫರ್. ಆ ಶೋ ಆದ ಮರುವರ್ಷವೇ ಅವರು ಗಿಟಾರ್ ಮೂಲೆಗಿಟ್ಟು ಕನ್ನಡಕದ ಅಂಗಡಿ ತೆರೆದಿದ್ದರು. ತಮ್ಮ ಹಾಡನ್ನು ಯಾರೂ ಕೇಳಲಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದರು. "ಚಾ ಕುಡಿದು ಆಮೇಲೆ ನುಡ್ಸೋಣ," ಎನ್ನುತ್ತಾ ಗಿಟಾರ್ ಎತ್ತಿಕೊಂಡೇ ಒಳಗೆ ಹೋದರು.

ಚಾ ತರಲು ಧನುಶ್ರೀ ಅಡುಗೆಮನೆಗೆ ಹೋದಾಗ ಅವರು ಗಿಟಾರಿಗೆ ಕಿವಿಗೊಟ್ಟು ಒಂದೊಂದೇ ಬಿರಡೆ ತಿರುಗಿಸಿ ತಂತಿ ಬಿಗಿಯುತ್ತಿದ್ದರು. ಅವಳನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. "ಹೇಳ್ಬೇಡ ಬೇಟಾ. ಅವನ ಕಡೆ ಮುನ್ನೂರ್ ಜನ ಇದಾರೆ. ಈ ಕಡೆ ನಾನೊಬ್ನೇ. ಶ್ರುತಿ ತಪ್ಪಿರೋದು ನಂದೇ ಅಲ್ವಾ?"

ಅವಳಿಗೆ ಕಣ್ಣು ತುಂಬಿ ಬಂತು. ಲೋಟಗಳನ್ನು ಹಿಡಿದು ಹಾಲಿಗೆ ಬಂದರೆ ಅಲ್ಲಿ ಅಶ್ವತ್ಥ್ ತಲೆ ಬಗ್ಗಿಸಿ ತಮ್ಮ ತಂತಿಗಳನ್ನು ಸಡಿಲಿಸುತ್ತಿದ್ದರು. "ಅವ್ರ ಮುಂದೆ ಒಂದ್ ಸಲನಾದ್ರೂ ಸರಿಯಾಗ್ ನುಡಿಸ್ಬೇಕಮ್ಮ," ಎಂದು ಪಿಸುಗುಟ್ಟಿದರು. "ಅವ್ರಿಗೇನೂ ಹೇಳ್ಬೇಡ."

ಇಬ್ಬರೂ ಹೇಳಬೇಡ ಎಂದಮೇಲೆ ಅವಳು ಯಾರಿಗೂ ಏನೂ ಹೇಳಲಿಲ್ಲ. ಇಬ್ಬರಿಗೂ ಚಾ ಕೊಟ್ಟಳು. ತನ್ನ ಗಿಟಾರನ್ನು ಸೋಫಾದ ಮೇಲೇ ಬಿಟ್ಟು ಕ್ಯಾಮೆರಾದ ಹಿಂದೆ ಹೋಗಿ ನಿಂತಳು. ನಗು ತಡೆಯುವುದೇ ಕಷ್ಟವಾಗಿತ್ತು.

ಖಾಲಿ ಲೋಟ ಕೆಳಗಿಟ್ಟು ಮುಜಫ್ಫರ್ ಒನ್, ಟೂ, ತ್ರೀ, ಫೋರ್ ಎಂದರು. ಇಬ್ಬರೂ ಒಟ್ಟಿಗೇ ಮೀಟಿದರು. ಮತ್ತೆ ಅರ್ಧ ಸ್ವರದ ಅಂತರ, ಈ ಸಲ ಮುಜಫ್ಫರ್ ಅವರದ್ದು ಮೇಲೆ, ಅಶ್ವತ್ಥರದ್ದು ಕೆಳಗೆ.

"ನೀನ್ಯಾಕಪ್ಪಾ ಇಳಿಸ್ದೆ?"

"ನೀವ್ಯಾಕ್ ಸಾರ್ ಏರ್ಸಿದ್ರಿ?"

ಒಬ್ಬರನ್ನೊಬ್ಬರು ನೋಡಲೂ ಆಗದೆ ಇಬ್ಬರೂ ಕ್ಯಾಮೆರಾದ ಕಡೆ ತಿರುಗಿದರು. ಕೊನೆಗೆ ಮುಜಫ್ಫರ್ ಕೈ ಮಾಡಿ ಧನುಶ್ರೀಯನ್ನು ಕರೆದರು.

"ನಿನ್ ಗಿಟಾರ್ ತಗೊಂಡ್ ಬಾಮ್ಮ ಇಲ್ಲಿ. ಶ್ರುತಿ ನೀನ್ ಕೊಡು, ನಾವಿಬ್ರೂ ಸೇರ್ಕೊಳ್ತೀವಿ."