ಕಿಟಕಿಯ ಪಕ್ಕದ ತೊಟ್ಟಿ

ಅವಳು ಮೀನಿನ ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಗಾಜಿಗೆ ಅಂಟಿದ ಪಾಚಿಯನ್ನು ಸ್ಪಂಜಿನಿಂದ ಉಜ್ಜುತ್ತಿದ್ದಳು. ಒಂದು ಮೂಲೆ ತಿಳಿಯಾಯಿತು ಎನ್ನುವಷ್ಟರಲ್ಲಿ ಬಾಗಿಲಲ್ಲಿ ಎದುರು ಮನೆಯವಳು ಬಂದು ನಿಂತಳು. ಹೋಟೆಲೊಂದರ ರಿಸೆಪ್ಷನ್ನಿನಲ್ಲಿ ಕೆಲಸ ಅವಳಿಗೆ. ಕೈಯಲ್ಲಿ ಮೊನ್ನೆಯಷ್ಟೇ ಇಲ್ಲಿ ಹೊಲಿಸಿಕೊಂಡು ಹೋದ ಯೂನಿಫಾರ್ಮಿನ ಕೋಟು.

"ಅಕ್ಕಾ, ಜಗಳಕ್ಕೇ ಬಂದಿದ್ದೀನಿ."

"ಬಾ, ಕೂತ್ಕೊಂಡು ಆಡು. ನಿಂತ್ಕೊಂಡು ಜಗಳ ಆಡಿದ್ರೆ ಬೇಗ ಸುಸ್ತಾಗುತ್ತೆ."

ಅವಳು ನಕ್ಕಳು, ಕೂರಲಿಲ್ಲ. ಕೋಟನ್ನು ಸೀದಾ ಕಿಟಕಿಯ ಬಳಿ ಒಯ್ದು, ತೊಟ್ಟಿಯ ಮೇಲಿನಿಂದ ಕೈಚಾಚಿ ಬೆಳಕಿಗೆ ಹಿಡಿದಳು. ಬಟ್ಟೆ ಕಡುನೀಲಿ. ಕಾಲರಿನ ಸುತ್ತ ಓಡಿದ ಹೊಲಿಗೆ ಪೂರಾ ಕಪ್ಪು. "ನೋಡಿ. ಇದನ್ನ ಕತ್ತಲೇಲಿ ಹೊಲಿಸಿದ್ರಾ ಅಂತ ಕೇಳಿದ್ರು ನಮ್ಮ ಮ್ಯಾನೇಜರ್, ಎಲ್ಲರ ಎದುರಿಗೆ."

ಸ್ಪಂಜು ಗಾಜಿನ ಮೇಲೇ ನಿಂತಿತು. ಮ್ಯಾನೇಜರ್ ಕುಹಕಕ್ಕೆ ಕೇಳಿದ್ದು ನಿಜವೇ ಆಗಿತ್ತು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಕಿಟಕಿಯ ಕೆಳಗೆ ಇದ್ದದ್ದು ಅವಳ ಹೊಲಿಗೆ ಯಂತ್ರ. ಗಂಡ ಈ ತೊಟ್ಟಿ ತಂದ ದಿನ ಯಂತ್ರ ಮೂಲೆ ಸೇರಿತು. ಬಂದವರ ಕಣ್ಣಿಗೆ ಮೊದಲು ಮೀನು ಬೀಳಬೇಕು ಎಂಬುದು ಅವನ ಆಸೆ. ಮೂಲೆಯ ಟ್ಯೂಬ್‌ಲೈಟಿನ ಕೆಳಗೆ ಕಡುನೀಲಿ ಮತ್ತು ಕಪ್ಪು ಅವಳಿ ಮಕ್ಕಳಂತೆ. ಹೆತ್ತವಳಿಗೂ ಗುರುತು ಸಿಗುವುದಿಲ್ಲ.

"ಪೂರ್ತಿ ಬಿಚ್ಚಿ ಹೊಲಿದುಕೊಡ್ತೀನಿ. ಇಟ್ಟು ಹೋಗು."

"ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮ್ಮ ಹೊಲಿಗೇಲಿ ಒಂದು ನೂಲು ಆಚೀಚೆ ಆಗಿದ್ದು ಇದುವರೆಗೆ ನಾನು ನೋಡಿಲ್ಲ. ಹೋಟೆಲಿನವ್ರೆಲ್ಲ ಕೋಟು ನಿಮ್ಮ ಹತ್ರಾನೇ ಹೊಲಿಸೋಣ ಅಂತಿದ್ರು. ಈಗ, ನೋಡೋಣ ಬಿಡು ಅಂತಿದ್ದಾರೆ. ನಾಳೆ ಇದೇ ಕೋಟು ಹಾಕ್ಕೊಂಡು ಹೋಗಿ ಅವರ ಮುಂದೆ ನಿಲ್ತೀನಿ. ಎಲ್ಲರ ಬಾಯಿ ಮುಚ್ಚಬೇಕು, ಹಾಗೆ ಹೊಲಿದುಕೊಡಿ."

ಅವಳು ಹೊರಗೆ ಕಾಲಿಡುವುದಕ್ಕೂ ಗಂಡ ಒಳಗೆ ಬರುವುದಕ್ಕೂ ಸರಿಹೋಯಿತು. ಕಂಕುಳಲ್ಲಿ ಒಂದು ಪೊಟ್ಟಣ, ಮುಖದಲ್ಲಿ ಪರೀಕ್ಷೆ ಪಾಸಾದವನ ಕಳೆ.

"ಸಿಕ್ತು ಕಣೇ! ಔಷಧಿ ಹಾಕಿದ್ದು, ಬಸವನಹುಳು ಬಿಟ್ಟಿದ್ದು, ಎಲ್ಲಾ ದಂಡ. ಮೀನಿನಂಗಡಿಯವನು ಒಂದೇ ಮಾತಲ್ಲಿ ಹೇಳಿಬಿಟ್ಟ. ಬಿಸಿಲು! ಕಿಟಕಿ ಬಿಸಿಲು ಹೀಗೆ ನೆಟ್ಟಗೆ ನೀರಿಗೆ ಬಿದ್ರೆ ಪಾಚಿ ಕಟ್ಟದೆ ಇನ್ನೇನಾಗುತ್ತೆ?"

ತೊಟ್ಟಿ ಬಂದ ಹೊಸದರಲ್ಲೇ ಅವಳು ಈ ಮಾತು ಹೇಳಿದ್ದಳು. ಮೀನಿಗೂ ಬಿಸಿಲು ಬೇಡವೇನೇ ಎಂದು ಅವನೇ ತಳ್ಳಿಹಾಕಿದ್ದ. ಈಗ ನೆನಪಿಸಿ ಗೆಲ್ಲುವ ಆಸೆ ಅವಳಿಗೆ ಇರಲಿಲ್ಲ. ಮನಸ್ಸು ಆಗಲೇ ಯಂತ್ರವನ್ನು ಕಿಟಕಿಗೆ ತಂದು, ಸೂಜಿಗೆ ನೀಲಿ ದಾರ ಪೋಣಿಸುತ್ತಿತ್ತು.

"ಹಾಗಾದ್ರೆ ಟ್ಯಾಂಕನ್ನ ಆ ಮೂಲೆಗೆ..."

"ಮೂಲೆಗೆ ಯಾಕೆ? ಇಲ್ನೋಡು." ಅವನು ಪೊಟ್ಟಣ ಬಿಚ್ಚಿದ. ಕಂಬಳಿಯಷ್ಟು ದಪ್ಪದ ಕರಿ ಬಟ್ಟೆ. "ಕಿಟಕಿಗೆ ಪರದೆ! ಒಂದು ಎಳೆ ಬಿಸಿಲೂ ಒಳಗೆ ನುಸುಳಬಾರದು, ಹಾಗೆ ಹೊಲಿದುಬಿಡು. ಮನೇಲೇ ಟೈಲರ್ ಇರೋವಾಗ ಹೊರಗೆ ಯಾಕೆ ಕೊಡೋದು?"

"ನನ್ನ ಹೊಲಿಗೆಗೆ ಬೆಳಕು?"

"ಲೈಟಿದೆಯಲ್ಲ. ನಿನಗೇನಮ್ಮ, ಕಣ್ಣು ಮುಚ್ಚಿಕೊಂಡೂ ಹೊಲಿತೀಯ."

ಹೆಂಡತಿಯನ್ನು ಹೊಗಳಿದ ತೃಪ್ತಿಯಲ್ಲಿ ಬಗ್ಗಿ, ತೊಟ್ಟಿಯ ಗಾಜು ತಟ್ಟಿ, "ಏನ್ರಪ್ಪಾ, ಇನ್ಮೇಲೆ ನಿಮಗೆ ಬರೀ ತಂಪು" ಎಂದು ಮೀನುಗಳಿಗೂ ಹೇಳಿ ಕೆಲಸಕ್ಕೆ ಹೊರಟುಹೋದ. ಅವನು ಕೆಟ್ಟವನಲ್ಲ. ಅವಳು ಯಾವತ್ತೂ ಹಾಗೆ ಅಂದುಕೊಂಡವಳೂ ಅಲ್ಲ.

ಕೈ ಒರೆಸಿಕೊಂಡು ಕೋಟು ಎತ್ತಿದಳು. ಹೊಲಿಗೆ ಬಿಚ್ಚಲು ಹಗಲಿನ ಬೆಳಕೇ ಬೇಕು. ತೊಟ್ಟಿಯ ಈಚೆ ಸ್ಟೂಲು ಹಾಕಿ ಕುಳಿತರೆ, ಪಾಚಿಯ ನೀರಿನಿಂದ ಸೋಸಿ ಬಂದ ಬಿಸಿಲು ಕೋಟಿನ ಮೇಲೆ ಹಸಿರಾಗಿ ಬಿದ್ದಿತು. ನೀಲಿ ಎಲ್ಲಿ, ಕಪ್ಪು ಎಲ್ಲಿ? ಬ್ಲೇಡು ದಾರವನ್ನು ಬಿಟ್ಟು ಬಟ್ಟೆಯನ್ನೇ ಕಚ್ಚಲು ಹೋಯಿತು. ಕೈ ಹಿಂದಕ್ಕೆಳೆದಳು. ಸ್ವಲ್ಪ ಹೊತ್ತು ಮೂಲೆಯನ್ನೇ ನೋಡಿದಳು. ತೊಟ್ಟಿಯ ಮುಚ್ಚಳಕ್ಕೆ ಅದರದೇ ದೀಪವಿದೆ. ಆ ಮೂಲೆಯ ಮಬ್ಬಿನಲ್ಲಿ ಕೆಂಪು ಮೀನುಗಳು ಕೆಂಡದಂತೆ ಹೊಳೆಯುತ್ತವೆ. ಬಂದವರು ಕಣ್ಣು ಮುಚ್ಚಿಕೊಂಡರಷ್ಟೇ ಅವು ಕಾಣದಿರಬೇಕು.

ಎದ್ದು, ಮೀನುಗಳನ್ನು ತೊಟ್ಟಿಯ ನೀರಿನ ಸಮೇತ ಬಕೆಟ್ಟಿಗೆ ಬಿಟ್ಟಳು. ಉಳಿದ ನೀರಿಗೆ ಕೊಳವೆ ಹಾಕಿ, ಅದರ ತುದಿಯನ್ನು ಬಚ್ಚಲಿಗೆ ಎಳೆದಳು. ಎದುರು ಕಿಟಕಿಯಿಂದ ಆಗಷ್ಟೇ ಬಂದುಹೋದವಳ ಧ್ವನಿ: "ಏನ್ ನಡೀತಿದೆ ಅಕ್ಕಾ? ಹೆಂಗೆ ಮಾಡ್ತೀರಾ ಒಬ್ರೇ? ನಾನೂ ಬರ್ಲಾ?"

"ಏನಿಲ್ಲ ಬಿಡೇ, ನೀರು ಬದಲಾಯಿಸ್ತಿದ್ದೀನಿ."

ಖಾಲಿಯಾಗುತ್ತಿದ್ದ ತೊಟ್ಟಿಯ ಅಂಚು ಹಿಡಿದು ಸ್ಟ್ಯಾಂಡನ್ನು ಮೆಲ್ಲಗೆ ಅಲುಗಿಸಿ ನೋಡಿದಳು. ಅಲುಗಿತು. ಆಮೇಲೆ ಕರಿ ಬಟ್ಟೆಯನ್ನು ನೆಲದ ಮೇಲೆ ಹಾಸಿ ಕತ್ತರಿ ತೆಗೆದುಕೊಂಡಳು. ಹೊಲಿಗೆ ಕಲಿತಂದಿನಿಂದ ಮೊದಲ ಸಲ ಟೇಪು ಹಿಡಿಯದೆ, ಸೀಮೆಸುಣ್ಣದ ಗೆರೆ ಎಳೆಯದೆ ಕತ್ತರಿಸಿದಳು. ನಾಲ್ಕು ತುಂಡು. ನೆಲಕ್ಕೆ ಗೀರು ಬೀಳದಂತೆ, ಸ್ಟ್ಯಾಂಡಿನ ಒಂದೊಂದು ಕಾಲಿಗೆ ಒಂದೊಂದು.